ಮುಗಿದ ಆಟಕ್ಕ ಒಪ್ಪತ್ತು

ಬೆಟಗೇರಿ, ೨-೧೨-೧೯೫೬

ಅಣ್ಣ ಸಂಗಪ್ಪಗ ತಮ್ಮ ಉಳವಪ್ಪನ ಶರಣು.

ಹೋದ ತಿಂಗಳ ನಮ್ಮೂರು ಮೈಸೂರು ರಾಜ್ಯಕ್ಕ ಸೇರಿತು. ಪೇಡಾ ಹಂಚಿದರು, ನಾನೂ ತಿಂದೆ. ಆಮ್ಯಾಲೆ ಚಿಂತಿ ಹತ್ತಿತು.

ನೀ ಮುಂಬಯಿ ಗಿರಣಿ ಸೇರಿದಾಗಿಂದ ರಣಜಿ ಕ್ರಿಕೆಟ್‌ನಾಗ ಮುಂಬಯಿ ಗೆಲ್ಲಲಿ ಅಂತ, ನೀ ಟಪಾಲಿನಾಗ ಕಳಸೋ ಪೇಪರ್ ನಾಕ ದಿನ ತಡಾ ಆಗಿ ಬರೂತನಕ ನಾ ಒಂದ ಹೊತ್ತು ಉಣ್ಣತಿದ್ದೆ. “ಮುಗಿದ ಆಟಕ್ಕ ಯಾಕ ಒಪ್ಪತ್ತು ಮಾಡತೀರಿ?” ಅಂತ ನನ್ನ ಹೇಣ್ತಿ ಗದಿಗೆವ್ವ ನಗತಾಳ.

ಈಗ ಓಣಿಯವರು, “ಲೇ ಉಳವ್ಯಾ, ಇನ್ನ ಮೈಸೂರು ನಮ್ದು, ಅದರ ಕಡೆ ಆಗು” ಅಂತಾರ. ಅದೂ ಖರೆ. ಆದರ ಮುಂಬಯಿ ಬಿಟ್ಟರ ನಿನ್ನ ಬಿಟ್ಟಂಗ ಆಗತೈತೇನೋ ಅಂತ ಹೆದರಿಕಿ.

ಯಾರ ಕಡೆ ಇರಲಿ, ನೀನ ಬರಿ. ಪೇಪರ್ ಕಳಸೋದು ನಿಲ್ಲಿಸಬ್ಯಾಡ. ನಿನ್ನ ಉತ್ತರ ಬರೂತನಕ ಒಪ್ಪತ್ತು ಹಿಡದೀನಿ. ಇದು ಮುಗಿದ ಆಟ ಅಲ್ಲ.

ನಿನ್ನ ತಮ್ಮ,
ಉಳವಪ್ಪ