ನಡುವಿನ ಕಪ್ಪು ಪಟ್ಟಿ

ಅಮ್ಮ,

ನೀನಿಲ್ಲ ಅಂತ ಗೊತ್ತಿದ್ದೂ ಬರೀತಿದ್ದೀನಿ. ಬೇರೆ ಯಾರಿಗೂ ಹೇಳೋ ಧೈರ್ಯ ಬರ್ತಿಲ್ಲ.

ಇವತ್ತು ವಿಜ್ಞಾನದ ಟೀಚರ್ ನಮ್ಮ ಸ್ಟುಡಿಯೋಗೆ ಒಂದು ಗ್ಯಾಲಕ್ಸಿ ಫೋಟೋ ತಂದ್ರು, ದೊಡ್ಡದು ಮಾಡಿಕೊಡಿ ಅಂತ. ತಟ್ಟೆಯನ್ನ ಅಂಚಿನಿಂದ ನೋಡಿದ ಹಾಗಿತ್ತು, ನಡುವೆ ಉದ್ದಕ್ಕೂ ಕಪ್ಪು ಪಟ್ಟಿ. ಫೋಟೋ ಮಡಚಿದ ಗುರುತು ಅಂದ್ಕೊಂಡು ನೀಟಾಗಿ ಅಳಿಸಿಬಿಟ್ಟೆ.

"ಅಯ್ಯೋ, ಅದು ಗ್ಯಾಲಕ್ಸಿಯೊಳಗಿನ ಧೂಳು ಕಣ್ರೀ! ಹಿಂದಿರೋ ನಕ್ಷತ್ರಗಳನ್ನ ಮರೆಮಾಡಿದೆ ಅಷ್ಟೆ," ಅಂತ ನಕ್ರು. ನಾನೂ ನಗ್ತಾ ತಲೆ ಎತ್ತಿದೆ. ಅದೇ ಪಟ್ಟಿ ಅವರ ಮುಖದ ಮೇಲಿತ್ತು. ಗೋಡೆ ಕಡೆ ತಿರುಗಿದ್ರೆ ಅಲ್ಲೂ ಇತ್ತು.

ನಿನ್ನ ಕಣ್ಣು ಪೂರ್ತಿ ಹೋಗೋಕೆ ಮುಂಚೆ, ನಡುವೆ ಕಪ್ಪು ಕಲೆ ಇದೆ ಅಂತ ನೀನು ಕನ್ನಡಿ ಒರೆಸಿದ್ದೇ ಒರೆಸಿದ್ದು. "ಕನ್ನಡಿ ಸವೆದುಹೋಗತ್ತೆ ಕಣಮ್ಮ" ಅಂತ ನಾನು ರೇಗಿಸ್ತಿದ್ದೆ.

ಮನೆಗೆ ಬಂದವಳೇ ಅದೇ ಕನ್ನಡಿ ಒರೆಸ್ತಾ ನಿಂತೆ. ಹಿಂದಿನಿಂದ ಮಗಳು ನಕ್ಕಳು: "ಸಾಕಮ್ಮ, ಸವೆದುಹೋಗತ್ತೆ!"

ತಿರುಗಿ ಅವಳ ಮುಖ ನೋಡೋಕೆ ನಂಗೆ ಭಯ ಆಯ್ತಮ್ಮ.