ಕಣ್ಣಿಗೆ ಕಾಣದ ಬೆಂಕಿ

ಭಾನುವಾರ, ಸಂಜೆ

ಪ್ರೀತಿಯ ಮಾವನವರಿಗೆ,

ನಿಮ್ಮ ಸೊಸೆಯ ನಮಸ್ಕಾರ. ಸೊಸೆ ಅನ್ನಿಸಿಕೊಳ್ಳುವ ಹಕ್ಕು ನನಗಿನ್ನೂ ಇದೆಯೋ ಇಲ್ಲವೋ ಗೊತ್ತಿಲ್ಲ. ನಾನೂ ನಿಮ್ಮ ಮಗನೂ ಬೇರೆ ಬೇರೆ ಮನೆ ಮಾಡಿ ವರ್ಷವೇ ಕಳೆಯಿತು. ಆದರೂ ನೀವು ನನ್ನ ಷೆಡ್ಡಿಗೆ ಬರುವುದನ್ನು ಬಿಡಲಿಲ್ಲ. "ಜಗಳ ನಿಮ್ಮಿಬ್ಬರದು, ಬೈಕ್ ಏನು ಪಾಪ ಮಾಡಿತ್ತು?" ಎಂದು ನನ್ನ ಬಾಯಿ ಮುಚ್ಚಿಸಿದಿರಿ.

ಅಪ್ಪ ಬಿಟ್ಟುಹೋದ ಆ ಹಳೇ ರೇಸ್ ಬೈಕು ಪೆಟ್ರೋಲಿನಲ್ಲಿ ಬೇಗ ಕಾದುಹೋಗುತ್ತಿತ್ತು. ಅದರ ಬದಲು ತಣ್ಣಗೆ ಉರಿಯುವ ಮೆಥನಾಲ್ ಹಾಕೋಣ ಎಂದು ಹಟ ಹಿಡಿದವಳು ನಾನು. "ಇದು ಹೊಟ್ಟೆಬಾಕ ಕಣಮ್ಮ, ಪೆಟ್ರೋಲಿನ ಎರಡರಷ್ಟು ಕೇಳುತ್ತೆ" ಎಂದು ಗೊಣಗುತ್ತಲೇ ಕಾರ್ಬುರೇಟರ್ ಬಿಚ್ಚಿದಿರಿ. ಇಂಧನ ಹಾಯುವ ಜೆಟ್ಟಿನ ತೂತು ಹಿರಿದು ಮಾಡುವುದು, ಓಡಿಸಿ ನೋಡುವುದು, ತಲೆಯಾಡಿಸಿ ಮತ್ತೆ ಬಿಚ್ಚುವುದು. ಆ ದಿನಗಳಲ್ಲಿ ನಾನು ಒಂಟಿ ಅಂತ ಒಮ್ಮೆಯೂ ಅನ್ನಿಸಲಿಲ್ಲ.

ಹೋದ ವಾರ ಟ್ರ್ಯಾಕಿನಲ್ಲಿ ಸ್ಟಾರ್ಟ್ ಮಾಡಿದಾಗ ಕಾರ್ಬುರೇಟರ್ ಢಬ್ ಎಂದು ಸೀನಿತು, ಅಷ್ಟೇ. ಹೊಗೆಯಿಲ್ಲ, ಜ್ವಾಲೆಯಿಲ್ಲ. ನೀವು ಮಾತ್ರ "ಇಳಿಯಮ್ಮಾ, ಬೆಂಕಿ!" ಎಂದು ಕಿರುಚಿ ನೀರಿನ ಬಕೆಟ್ ಎತ್ತಿದಿರಿ. ಮುದುಕನಿಗೆ ತಲೆ ಕೆಟ್ಟಿತು ಎಂದು ಯಾರೋ ನಕ್ಕರು. ಟ್ಯಾಂಕಿನ ಬಣ್ಣ ಗುಳ್ಳೆ ಏಳುತ್ತಿದ್ದುದು ನನಗೆ ಕಂಡದ್ದು, ಕೈಗವಸು ಸುಡತೊಡಗಿದ ಮೇಲೆ. ಮೆಥನಾಲಿನ ಉರಿ ಹಗಲಲ್ಲಿ ಕಾಣುವುದಿಲ್ಲ ಎಂದು ನೀವು ಹೇಳುತ್ತಲೇ ಇದ್ದಿರಿ. ನಾನು ಹೂಂ ಹೂಂ ಅನ್ನುತ್ತಿದ್ದೆ. ಎರಡನೇ ಬಕೆಟ್ಟಿಗೆ ತೊಯ್ದು ತೊಪ್ಪೆಯಾಗಿದ್ದೆ, ಬದುಕಿದ್ದೆ.

ಬೈಯುತ್ತೀರಿ ಅಂದುಕೊಂಡೆ. "ಒಳಗೆ ಇಂಧನದ ಮಟ್ಟ ಕಾಯೋ ಫ್ಲೋಟ್ ಸಿಕ್ಕಿಕೊಂಡು ಮೆಥನಾಲ್ ಹೊರಗೆ ಚೆಲ್ಲಿದೆ. ಅದನ್ನ ನಾನು ನೋಡ್ಕೋತೀನಿ, ನೀನು ಆಸ್ಪತ್ರೆಗೆ ನಡಿ" ಅಂದಿರಿ, ಅಷ್ಟೇ. ಮೊನ್ನೆ ಫೋನ್ ಮಾಡಿ, ಅದನ್ನು ನೇರ ಓಡುತ್ತಿದ್ದ ಎಂಜಿನ್ ಹತ್ತಿರ ಹಿಡಿದಿರಿ. ಒಂದು ಕೆಮ್ಮಿಲ್ಲ, ತಡವರಿಕೆಯಿಲ್ಲ. ನೋವಿಗೆ ಅಳದವಳು ಆ ಸದ್ದಿಗೆ ಅತ್ತುಬಿಟ್ಟೆ.

ಆಗ ಹೇಳಲಾಗಲಿಲ್ಲ, ಅದಕ್ಕೇ ಈ ಪತ್ರ. ನೀವು ನನ್ನ ಜೀವ ಉಳಿಸಿದಿರಿ ಮಾವ. ಅದಕ್ಕೂ ಮೊದಲು, ನನ್ನನ್ನು ಬಿಟ್ಟುಕೊಡಲಿಲ್ಲ. ಈ ಋಣ ತೀರಿಸಲಾರೆ, ತೀರಿಸುವ ಇಷ್ಟವೂ ಇಲ್ಲ.

ಇಂತಿ,
ನಿಮ್ಮ ಸೊಸೆ

ಇನ್ನೊಂದು ಮಾತು: ಬಲಗೈಗೆ ಇನ್ನೂ ಬ್ಯಾಂಡೇಜ್ ಇದೆ. ನಾನು ಹೇಳುತ್ತಾ ಹೋದೆ, ಬರೆದದ್ದು ನಿಮ್ಮ ಮಗ. ಅಕ್ಷರ ನೋಡಿದಾಗಲೇ ನಿಮಗೆ ತಿಳಿದಿರುತ್ತದೆ. ಸುದ್ದಿ ಕೇಳಿ ಓಡಿ ಬಂದ ಇವರು ಇನ್ನೂ ಹೋಗಿಲ್ಲ. ಯಾವಾಗ ಹೊರಡುತ್ತೀರಿ ಎಂದು ನಾನೂ ಕೇಳಿಲ್ಲ.