ಈರಣ್ಣನ ಮುಯ್ಯಾಳುಗಳು

ಗೆಳೆಯಾ ಈರಣ್ಣ,

ನೀನು ಕಣ್ಣು ಮುಚ್ಚಿದ ಮೇಲೆ ಸ್ಟೇಷನ್ ರಸ್ತೆಯ ನಿನ್ನ ಕಂಪ್ಯೂಟರ್ ರಿಪೇರಿ ಅಂಗಡಿಯನ್ನು ಮಗಳು ಶಾಂತಾ ನಡೆಸುತ್ತಿದ್ದಾಳೆ. ನಿನ್ನ ಕುರ್ಚಿಯ ಒಂದು ಕಾಲು ಇನ್ನೂ ಗಿಡ್ಡ. ಕೂತವರೆಲ್ಲ ನಿನ್ನ ಹಾಗೆಯೇ ಎಡಕ್ಕೆ ವಾಲುತ್ತಾರೆ. ಸಂತೋಷದ ಸುದ್ದಿಯನ್ನು ನೆಟ್ಟಗೆ ಹೇಳಲು ನನಗೆ ಬರುವುದಿಲ್ಲ, ನಿನಗೆ ಗೊತ್ತು.

ಅಂಗಡಿಯ ಗೋಡೆಗೆ ಅಂಟಿಸುವ ಚೀಟಿಗೆ ಕನ್ನಡ ಪದ ಕೇಳಲು ನೀನು ನಮ್ಮ ಶಾಲೆಗೆ ಬಂದದ್ದು ನೆನಪಿದೆಯೆ? ದೂರದ ವಿಜ್ಞಾನಿಗಳು ಒಂದು ದೊಡ್ಡ ಲೆಕ್ಕವನ್ನು ಸಾವಿರಾರು ಚೂರು ಮಾಡಿ ಹಂಚುತ್ತಾರೆ, ಸುಮ್ಮನೆ ಕೂತಿರುವ ಕಂಪ್ಯೂಟರುಗಳು ಮನೆಯಲ್ಲೇ ಇದ್ದು ಒಂದೊಂದು ಚೂರು ಮಾಡಿ ಕಳಿಸುತ್ತವೆ, ಇದಕ್ಕೆ ನಿಮ್ಮ ಪುಸ್ತಕದಲ್ಲಿ ಏನಂತಾರೆ ಎಂದು ನೀನು ಕೇಳಿದ್ದೆ. ನಾನು ಎರಡು ದಿನ ಯೋಚಿಸಿ ‘ಸ್ವಯಂಸೇವಾ ವಿತರಿತ ಗಣನೆ’ ಎಂದು ಬರೆದುಕೊಟ್ಟೆ. ನೀನು ಓದಿ, ಮಡಚಿ, ಜೇಬಿಗಿಟ್ಟುಕೊಂಡೆ.

“ಜನಗಣತಿಯವರು ಬಂದಾರ ಅಂತ ಬಾಗಲಾ ಹಾಕ್ಕೊಂತಾರ ಮಾಸ್ತರ. ಇದು ಮುಯ್ಯಿ ಅಲ್ಲೇನು?”

ಮುಯ್ಯಿ. ಇವತ್ತು ನಾನು ನಿನ್ನ ಹೊಲದಲ್ಲಿ ಕಳೆ ತೆಗೆದರೆ ನಾಳೆ ನೀನು ನನ್ನ ಹೊಲಕ್ಕೆ. ಕೂಲಿ ಇಲ್ಲ, ಮಧ್ಯಾಹ್ನದ ಊಟ ಮಾತ್ರ ಹೊಲದವರದು. ನಿಮ್ಮ ಹಳ್ಳಿ ನಂದವರಂನಲ್ಲಿ ನಿಮ್ಮಪ್ಪ ಹಾಗೆಯೇ ಬೇಸಾಯ ಮಾಡಿದ್ದು. ಆದರೂ ಪದ ತಪ್ಪು ಎಂದು ನಾನು ವಾದಿಸಿದೆ. ಇಲ್ಲಿ ಯಾರೂ ತಿರುಗಿ ಬರುವುದಿಲ್ಲ, ಇದು ದಾನ. ನೀನು ಒಪ್ಪಲಿಲ್ಲ. ರಿಪೇರಿಗೆ ಬಂದವರನ್ನೆಲ್ಲ ಕನ್ನಡದಲ್ಲಿ, ತೆಲುಗಿನಲ್ಲಿ ಕೇಳಿ, ಹೂಂ ಅಂದವರ ಮಷಿನ್ನುಗಳನ್ನು ಮುಯ್ಯಿಗೆ ಹಚ್ಚಿದೆ.

ಹತ್ತಿ ಬೆಳೆಯುವ ಬಸಪ್ಪ ಅಂಗಡಿಗೆ ಬಂದ ದಿನ ನಾನೂ ಅಲ್ಲಿದ್ದೆ. ಅವನು ಕೂರಲಿಲ್ಲ. “ವರ್ಷ ಆತು ನನ್ನ ಮಷಿನ್ ಮುಯ್ಯಿಗೆ ಹೋಗಾಕತ್ತಿ. ನಮ್ಮ ಹೊಲಕ್ಕ ಅವರು ಯಾವಾಗ ಬರ್ತಾರ?”

ಎಲ್ಲರೂ ನಕ್ಕರು, ನಿನ್ನೊಬ್ಬನನ್ನು ಬಿಟ್ಟು. “ಬರ್ತಾರ” ಎಂದಷ್ಟೇ ಹೇಳಿದೆ. ಆಮೇಲೆ ನಮ್ಮ ಆದವಾನಿ ಊರಿಗೆಲ್ಲ ಅದೊಂದು ಗಾದೆಯೇ ಆಯಿತಲ್ಲ. ಬಾರದ ನೆಂಟರಿಗೆ, ಬಾರದ ಕರೆಂಟಿಗೆ, ‘ಈರಣ್ಣನ ಮುಯ್ಯಾಳು ಬಂದಂಗ’. ನಾನೂ ಒಂದೆರಡು ಸಲ ಹೇಳಿದ್ದೇನೆ. ಬಸಪ್ಪ ತನ್ನ ಮಷಿನ್ನನ್ನು ಬಿಡಿಸಿಕೊಂಡ.

ಆಸ್ಪತ್ರೆಯಿಂದ ನೀನು ಮನೆಗೆ ಮರಳಿದ ಮಧ್ಯಾಹ್ನ ನಾನು ಬೇಡದ ಮಾತು ತೆಗೆದೆ. ದೊಡ್ಡ ಕಂಪನಿಗಳು ಈಗ ಎಕರೆಗಟ್ಟಲೆ ಕಂಪ್ಯೂಟರ್ ಹಾಕಿ ಕೂತಿವೆ, ಹಾರ್ವೆಸ್ಟರ್ ಬಂದ ಮೇಲೆ ಹಳ್ಳಿಯ ಮುಯ್ಯಿ ಹೋದ ಹಾಗೆ ನಿನ್ನದೂ...

“ಹಾರ್ವೆಸ್ಟರ್ ದೊಡ್ಡ ಹೊಲಕ್ಕ ಬರತೈತಿ ಮಾಸ್ತರ” ಎಂದೆ ನೀನು. “ಅರ್ಧ ಎಕರೆಯಾಗ ಅದಕ್ಕ ತಿರುಗಾಕೂ ಜಾಗ ಇಲ್ಲ. ಸಣ್ಣ ಹೊಲ ಇರೋತನಕ ಮುಯ್ಯಿ ಇರತೈತಿ.” ಆಮೇಲೆ ಗೋಡೆಯ ಕಡೆ ತಿರುಗಿ, “ಬಸಪ್ಪಗ ನಾ ಸುಳ್ಳು ಹೇಳಿದ್ನೇನು?”

ನಾನು ಚಹಾ ಆರುತ್ತಿದೆ ಎಂದೆ. ಪದಗಳನ್ನೇ ಕಲಿಸಿ ಬದುಕಿದವನಿಗೆ ಅವತ್ತು ಸಿಕ್ಕಿದ್ದು ಅಷ್ಟೇ.

ಕಳೆದ ವಾರ ಶಾಂತಾ ಕರೆಸಿದಳು. ಪರದೆಯ ಮೇಲೆ ಹೊಸ ಲೆಕ್ಕವೊಂದು ಶುರುವಾಗಿತ್ತು. ನಮ್ಮ ಹತ್ತಿಕಾಯಿ ಕೊರೆಯುವ ಗುಲಾಬಿ ಹುಳು ಇದೆಯಲ್ಲ, ಅದರ ಮೈಯೊಳಗಿನ ಪ್ರೋಟೀನು ಹೇಗೆ ಮಡಚಿಕೊಂಡಿರುತ್ತದೆ ಎಂದು ಹುಡುಕುವ ಲೆಕ್ಕ. ಅದು ತಿಳಿದರೆ ಹುಳುವಿಗೆ ಮದ್ದು ಸಿಗಬಹುದಂತೆ. ಅದರಲ್ಲಿ ಲಾಭ ಕಾಣದೆ ದೊಡ್ಡವರು ಯಾರೂ ಮುಟ್ಟಿರಲಿಲ್ಲವಂತೆ. ಅರ್ಧ ಎಕರೆಯ ಲೆಕ್ಕ. ಪಕ್ಕದ ನಕಾಶೆಯಲ್ಲಿ ಚುಕ್ಕಿಗಳು, ಒಂದೊಂದೂ ಒಬ್ಬೊಬ್ಬರ ಕಂಪ್ಯೂಟರು, ಚಾರ್ಜಿಗೆ ಹಾಕಿದ ಫೋನು. ಹೆಸರು ಓದಲು ನಾಲಿಗೆ ಹೊರಳದ ಊರುಗಳು. ಹುಳು ಬಗ್ಗುತ್ತದೋ ಇಲ್ಲವೋ, ಎಷ್ಟು ವರ್ಷ ಬೇಕೋ ಯಾರಿಗೂ ಗೊತ್ತಿಲ್ಲ. ಆದರೆ ಬಂದಿದ್ದರು, ಈರಣ್ಣ.

ಬಸಪ್ಪನನ್ನು ಕರೆತಂದೆವು. ಕನ್ನಡಕ ಒರೆಸಿಕೊಂಡು ಚುಕ್ಕಿಗಳನ್ನು ನೋಡಿದ. ನಿನ್ನ ಕುರ್ಚಿಯಲ್ಲಿ ಕೂತು ಎಡಕ್ಕೆ ವಾಲಿದ.

“ಇಷ್ಟು ಮಂದಿ ಬಂದಾರ. ಊಟಕ್ಕ ಏನು ಮಾಡೋದು?”

ಮರುದಿನ ಅವನ ಮನೆಯಿಂದ ಬುಟ್ಟಿ ಬಂತು. ಜೋಳದ ರೊಟ್ಟಿ, ಗುರೆಳ್ಳು ಚಟ್ನಿ, ಹೋಳಿಗೆ. ಬರಲಾಗದವರ ಪರವಾಗಿ ಅಂಗಡಿಯಲ್ಲಿದ್ದವರೆಲ್ಲ ಉಂಡೆವು. ನಾನು ಎರಡು ಹೋಳಿಗೆ ಜಾಸ್ತಿ ತಿಂದೆ, ಯಾರೋ ನಾಲಿಗೆ ಹೊರಳದ ಊರಿನವನ ಹೆಸರಲ್ಲಿ. ಬಸಪ್ಪನ ಮಷಿನ್ ಮತ್ತೆ ಮುಯ್ಯಿಗೆ ಹೋಗುತ್ತಿದೆ.

ನಿನ್ನೆ ಎಮ್ಮಿಗನೂರಿನ ಬಸ್ಸಿಗೆ ಕಾದು ಕಾದು ಸಾಕಾಗಿತ್ತು. ಕಡೆಗೆ ಒಂದರ ಹಿಂದೊಂದು ಮೂರು ಬಂದವು. ಪಕ್ಕದಲ್ಲಿದ್ದ ಹೆಂಗಸು ಸೀರೆಗಂಟು ಎತ್ತಿಕೊಳ್ಳುತ್ತ, “ಈರಣ್ಣನ ಮುಯ್ಯಾಳು ಬಂದಂಗ ಬಂದ್ವು ನೋಡ್ರಿ” ಎಂದಳು.

ಗಾದೆಯ ಅರ್ಥ ಬದಲಾಗಿದೆ, ಈರಣ್ಣ.

ಪದದಲ್ಲಿ ಸೋತ,
ನಿನ್ನ ಮಾಸ್ತರ